ಮುಂದೆ ನಿಂತವಳ ಹೂಂ

ಆ ಮನೆಯ ಗಿಡ್ಡ ಟ್ರ್ಯಾಕ್ಟರಿಗೆ ಚಳಿ ಅಂದರೆ ಆಗುತ್ತಿರಲಿಲ್ಲ. ಬೇಸಿಗೆಯಲ್ಲಿ ಕೀಲಿ ತೋರಿಸಿದರೆ ಸಾಕು, ಗುಟುರು ಹಾಕಿಕೊಂಡು ಎದ್ದುಬಿಡುವ ಪ್ರಾಣಿ. ಹಿಮ ಬಿದ್ದ ಬೆಳಿಗ್ಗೆ ಮಾತ್ರ ಜಪ್ಪಯ್ಯ ಅಂದರೂ ಮಿಸುಕುತ್ತಿರಲಿಲ್ಲ. ಡೀಸೆಲ್ಲು ಪೈಪಿನೊಳಗೇ ಮೇಣದ ಹಾಗೆ ಕಟ್ಟಿಕೊಳ್ಳುತ್ತಿತ್ತು. ಹಾಗಾಗಿ ಅದನ್ನು ಎಬ್ಬಿಸುವುದಕ್ಕೆ ಗಂಡ ಹೆಂಡತಿ ಇಬ್ಬರೂ ಬೇಕಾಗುತ್ತಿತ್ತು.

ಗಂಡ ಸೀಟಿನ ಮೇಲೆ. ಕೀಲಿಯನ್ನು ಅರ್ಧ ತಿರುಗಿಸಿ, ಇಂಜಿನ್ನಿನೊಳಗಿನ ಹೀಟರ್ ಪ್ಲಗ್ಗು ಕಾಯಲಿ ಅಂತ ಆರಾಮಾಗಿ ಕೂರುವುದು ಅವನ ಪಾಲಿನ ಕೆಲಸ. ಹೆಂಡತಿ ಎದುರಿಗೆ, ಎತ್ತಿ ನಿಲ್ಲಿಸಿದ ಬಾನೆಟ್ಟಿನ ಆಚೆ, ಅವನ ಕಣ್ಣಿಗೆ ಕಾಣದ ಕಡೆ. ಪೈಪಿಗೆ ಬಟ್ಟೆ ಸುತ್ತಿ, ಕೆಟಲಿನಿಂದ ಬಿಸಿನೀರು ಹನಿಸುತ್ತ, ಅಂಗೈಯಲ್ಲಿ ಮುಟ್ಟಿ ಮುಟ್ಟಿ ನೋಡುವವಳು ಅವಳು. ಒಳಗಿನ ಡೀಸೆಲ್ಲು ಸಡಿಲವಾಯಿತು ಅಂತ ಕೈಗೆ ಗೊತ್ತಾದಾಗ ಅವಳು "ಹೂಂ" ಅನ್ನಬೇಕು, ಆಗ ಅವನು ಕೀಲಿಯನ್ನು ಪೂರ್ತಿ ತಿರುಗಿಸಬೇಕು. ಶುರುವಾದ ಮೇಲೆ ಅವಳು ಬಾನೆಟ್ಟು ಮುಚ್ಚಿ ಪಕ್ಕಕ್ಕೆ ಬಂದು ಮಡ್‌ಗಾರ್ಡನ್ನು ತಟ್ಟಬೇಕು. ತಟ್ಟುವ ತನಕ ಗೇರ್ ಹಾಕುವ ಹಾಗಿಲ್ಲ. ಮುಂದುಗಡೆ ಹಿಮ ನೂಕುವ ಕಬ್ಬಿಣದ ಹಲಗೆ ಇದೆ, ಹಲಗೆಯ ಮುಂದೆ ಹೆಂಡತಿ ಇದ್ದಾಳೆ. ಮದುವೆಯಾದವನಿಗೆ ಅಷ್ಟಾದರೂ ಎಚ್ಚರ ಬೇಡವೇ? ಅವನು ಹೆಂಡತಿಯ ಮಾತು ಕೇಳುವುದು ಚಳಿಗಾಲದಲ್ಲಿ ಮಾತ್ರ ಅಂತ ಕೆಳಗಿನ ಊರಿನವರು ಆಡಿಕೊಂಡು ನಗುತ್ತಿದ್ದರು.

ಈ ಸಲ ಚಳಿ ಶುರುವಾಗುವ ಮೊದಲೇ ಗಂಡ ಹೋಗಿಬಿಟ್ಟ. ಎದೆ ಹಿಡಿದುಕೊಂಡಿದೆ ಅಂದವನು ಆಸ್ಪತ್ರೆ ಮುಟ್ಟಲೇ ಇಲ್ಲ. ಗುಡ್ಡದ ಮೇಲಿನ ಒಂಟಿ ಮನೆಯಲ್ಲಿ ಉಳಿದವರು ಸೊಸೆ ಮತ್ತು ಅತ್ತೆ. ಅತ್ತೆಯ ನಾಲಿಗೆಯ ವಿಷಯ ಕೇಳಲೇಬೇಡಿ. ಬಂದ ದಿನದಿಂದ ಸೊಸೆ ಮಾಡಿದ ಒಂದು ಕೆಲಸವನ್ನೂ ಚೆನ್ನಾಗಿದೆ ಅಂದವಳಲ್ಲ. ಮಗ ಹೋದ ಮೇಲಂತೂ ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟಿದ್ದಳು.

ಅಂಥ ಅತ್ತೆ ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಎದ್ದು ಕೂತು, ಬಾಯಿ ತೆರೆದು, ಸಿಗದ ಗಾಳಿಯನ್ನು ಎಳೆದುಕೊಳ್ಳುತ್ತಿದ್ದಳು. ತುಟಿ ನೀಲಿಗಟ್ಟಿತ್ತು. ರಾತ್ರಿಯೆಲ್ಲ ಸುರಿದ ಹಿಮ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಸೊಸೆ ಆಂಬುಲೆನ್ಸಿಗೆ ಫೋನ್ ಮಾಡಿದಳು. ಗಾಡಿಯೇನೋ ಬಂತು, ಗುಡ್ಡದ ಬುಡದ ಡಾಂಬರು ರಸ್ತೆಗೆ ಬಂದು ನಿಂತುಕೊಂಡಿತು.

"ಅಕ್ಕಾ, ಗಾಡಿ ಮೇಲೆ ಹತ್ತಲ್ಲ," ಅಂದ ಡ್ರೈವರು ಫೋನಿನಲ್ಲಿ. "ನಿಮ್ಮ ಹತ್ರ ಟ್ರ್ಯಾಕ್ಟರ್ ಇದೆಯಲ್ಲ, ದಾರಿ ಬಿಡಿಸ್ಕೊಂಡು ನೀವೇ ಕರ್ಕೊಂಡು ಬಂದುಬಿಡಿ. ಆಕ್ಸಿಜನ್ ರೆಡಿ ಇಟ್ಟಿರ್ತೀವಿ. ತಡ ಮಾಡ್ಬೇಡಿ."

ತಡ ಮಾಡಬೇಡಿ ಅಂತೆ. ಹೇಳುವವನಿಗೇನು? ಅವಳು ಮೊಳೆಗೆ ನೇತುಹಾಕಿದ್ದ ಗಂಡನ ದಪ್ಪ ಕೋಟು ತೊಟ್ಟು, ಅವನ ಕಿವಿಮುಚ್ಚುವ ಟೊಪ್ಪಿ ಹಾಕಿಕೊಂಡು, ಕೆಟಲು ಹಿಡಿದು ಶೆಡ್ಡಿಗೆ ಓಡಿದಳು. ಬಾನೆಟ್ಟು ಎತ್ತಿದಳು. ನೀರು ಹನಿಸಿದಳು. ಓಡಿ ಬಂದು ಸೀಟು ಹತ್ತಿ, ಕೀಲಿ ಅರ್ಧ ತಿರುಗಿಸಿ, ಒಂದಿಷ್ಟು ಹೊತ್ತು ಬಿಟ್ಟು ಪೂರ್ತಿ ತಿರುಗಿಸಿದಳು. ಇಂಜಿನ್ನು ಎರಡು ಸಲ ನರಳಿ ಸುಮ್ಮನಾಯಿತು. ಮೀಟರಿನ ದೀಪ ಮಂಕಾಯಿತು. ಬ್ಯಾಟರಿಯಲ್ಲಿ ಇನ್ನೊಂದು ಸಲಕ್ಕಾಗುವಷ್ಟು ಜೀವ ಇದ್ದರೆ ಅದೇ ಹೆಚ್ಚು.

ಅವಳು ಮತ್ತೆ ಇಳಿದು, ಕೆಟಲು ಬರಿದಾಗುವ ತನಕ ನೀರು ಹನಿಸಿ, ಅದನ್ನು ಕೈಯಲ್ಲೇ ಹಿಡಿದುಕೊಂಡು ಬಂದು ಕೂತಳು. ಅರ್ಧ ಕೀಲಿ. ಈಗ ಎಷ್ಟು ಹೊತ್ತು ಕಾಯಬೇಕು? ಸೀಟಿನಲ್ಲಿ ಕೂತವಳಿಗೆ ಏನೂ ತಿಳಿಯದು. ಇಷ್ಟು ವರ್ಷ ಗಂಡ ಇಲ್ಲಿ ಕುರುಡನ ಹಾಗೆ ಕೂತು ತನ್ನೊಬ್ಬಳನ್ನೇ ನಂಬಿದ್ದ ಅನ್ನುವುದು ಅವಳಿಗೆ ಹೊಳೆದದ್ದು ಆಗಲೇ. ಮನೆಯೊಳಗಿಂದ ಅತ್ತೆಯ ಉಸಿರು ಇಲ್ಲಿಯ ತನಕ ಸೀಟಿ ಹೊಡೆದಂತೆ ಕೇಳುತ್ತಿತ್ತು.

ಆಗ ಬಾನೆಟ್ಟಿನ ಆಚೆ ನೀರು ಬಿತ್ತು. ಒಂದೇ ಸಮನೆ, ಸಣ್ಣ ಧಾರೆಯಾಗಿ, ಯಾರೋ ಹದ ನೋಡಿಕೊಂಡು ಹನಿಸುತ್ತಿರುವ ಹಾಗೆ. ಕೆಟಲು ಅವಳ ತೊಡೆಯ ಮೇಲಿತ್ತು.

"ಹೂಂ."

ಗಂಡನ ದನಿಯಾಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು. ಅದು ಅವಳದೇ ದನಿ. ಚಳಿಗೆ ಕಟ್ಟಿದ ಗಂಟಲಿನ, ಅರ್ಧ ಬೇಸರದ, ಎಷ್ಟೋ ಬೆಳಿಗ್ಗೆ ಅವಳೇ ಅಂದಿದ್ದ ಹೂಂ. ಕೈ ಅವಳನ್ನು ಕೇಳದೆ ಕೀಲಿಯನ್ನು ತಿರುಗಿಸಿಬಿಟ್ಟಿತು. ಇಂಜಿನ್ನು ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಆಮೇಲೆ ಏನೂ ಆಗದ ಹಾಗೆ ಓಡತೊಡಗಿತು.

ಮುಂದೆ ಹೋಗಿ ನೋಡಿದಳು. ಯಾರೂ ಇಲ್ಲ. ಹಿಮದ ಮೇಲೆ ಹೆಜ್ಜೆಗಳಿದ್ದವು, ಅವು ಅವಳ ಬೂಟಿನವೇ. ತಾನು ತಾನೇ ಈಗ ಓಡಾಡಿದ್ದು ಅಂತ ಸಮಾಧಾನ ಹೇಳಿಕೊಂಡಳು. ಬಾನೆಟ್ಟು ಮುಚ್ಚಿ, ಒಳಗೆ ಹೋಗಿ, ಅತ್ತೆಯನ್ನು ರಜಾಯಿ ಸಮೇತ ಎತ್ತಿಕೊಂಡು ಬಂದಳು. ಸೀಟಿನ ಹಿಂದೆ ಸಾಮಾನು ಸಾಗಿಸುವ ಕಬ್ಬಿಣದ ಪೆಟ್ಟಿಗೆ ಇತ್ತು. ಅದರೊಳಗೆ ಬೆನ್ನಿಗೆ ಬೆನ್ನು ಬರುವ ಹಾಗೆ, ಹಿಂದಕ್ಕೆ ಮುಖ ಮಾಡಿ ಕೂರಿಸಿದಳು. ಮುದುಕಿ ಹಗುರ, ಒಣಗಿದ ಸೌದೆಯ ಹೊರೆ ಇದ್ದ ಹಾಗೆ.

ಸೀಟಿನಲ್ಲಿ ಕೂತವಳಿಗೆ ಗೇರ್ ಹಾಕಲಾಗಲಿಲ್ಲ. ಮಡ್‌ಗಾರ್ಡ್ ತಟ್ಟಿದ ಸದ್ದು ಬಂದಿರಲಿಲ್ಲ. ಯಾರು ತಟ್ಟಬೇಕು, ಯಾರೂ ಇಲ್ಲವಲ್ಲ ಅಂತ ತನಗೆ ತಾನೇ ಬೈದುಕೊಂಡಳು. ಆದರೂ ಬಾನೆಟ್ಟಿನ ಆಚೆ, ಹಲಗೆಗೆ ಒತ್ತಿಕೊಂಡು ಒಬ್ಬಳು ನಿಂತಿದ್ದಾಳೆ ಅನ್ನುವುದು ಅವಳಿಗೆ ಖಂಡಿತವಾಗಿ ಗೊತ್ತಿತ್ತು. ಕೈ ಉಜ್ಜಿಕೊಳ್ಳುತ್ತ ನಿಂತಿದ್ದಾಳೆ. ಇನ್ನೂ ಸರಿದಿಲ್ಲ.

"ಸರ್ಕೊಳ್ಳೇ," ಅಂದಳು ಮೆಲ್ಲಗೆ. ತಟ್ಟಲಿಲ್ಲ. "ದಮ್ಮಯ್ಯ, ಸರ್ಕೊಳ್ಳೇ. ಅತ್ತೆ ಸಾಯ್ತಿದಾರೆ."

ಬೆನ್ನ ಹಿಂದಿನ ಉಸಿರಿನ ಸೀಟಿ ಒಮ್ಮೆ ನಿಂತು, ಮತ್ತೆ ಶುರುವಾಯಿತು. ಅವಳು ಕಣ್ಣು ಮುಚ್ಚಿ ಗೇರ್ ಹಾಕಿದಳು.

ಮುಂದಿನ ಚಕ್ರ ಏನನ್ನೋ ಹತ್ತಿ ಇಳಿಯಿತು. ಆಮೇಲೆ ಹಿಂದಿನ ಚಕ್ರ. ಶೆಡ್ಡಿನ ಮುಂದೆ ಸೂರಿನ ಕೆಳಗೆ ಸಿಮೆಂಟಿನ ನೆಲ, ಸಪಾಟು, ಮೇಲೆ ತೆಳ್ಳಗೆ ಹಿಮ ಅಷ್ಟೆ. ಹತ್ತಿ ಇಳಿಯುವಂಥದ್ದು ಅಲ್ಲೇನೂ ಇರಲಿಲ್ಲ. ಹಲಗೆ ಇಳಿಸಿ, ಹಿಮವನ್ನು ಪಕ್ಕಕ್ಕೆ ದಬ್ಬುತ್ತ ಇಳಿಜಾರಿಗೆ ಬಿದ್ದಳು.

"ನಿಲ್ಸೋ ಮಗಾ," ಅಂದಳು ಅತ್ತೆ.

ಕೋಟು ನೋಡಿಯೋ, ಟೊಪ್ಪಿ ನೋಡಿಯೋ, ಜೀವ ಹೋಗುವ ಹೊತ್ತಿನ ಮರುಳೋ. ಸೊಸೆ ನಿಲ್ಲಿಸಲಿಲ್ಲ.

"ನಿಲ್ಸೋ. ನಿನ್ನ ಹೆಂಡ್ತಿ ಬಿದ್ದಿದಾಳೆ ಕಣೋ. ಶೆಡ್ ಮುಂದೆ ಬಿದ್ದಿದಾಳೆ. ಏಳಕ್ಕಾಗ್ತಿಲ್ಲ ಅವಳಿಗೆ."

ತಿರುಗಿ ನೋಡಿದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಇಳಿಜಾರಿನಲ್ಲಿ ನಿಂತು ಇಂಜಿನ್ನು ಆರಿದರೆ ಮತ್ತೆ ಎಬ್ಬಿಸುವುದು ಆಗದ ಮಾತು. ಅವಳು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಎದುರಿನ ಬಿಳಿಯನ್ನೇ ನೋಡಿದಳು.

"ಎಂಥ ಕಲ್ಲೋ ನೀನು," ಮುದುಕಿ ಪ್ರತಿ ಮಾತಿಗೂ ಉಸಿರು ಕೂಡಿಸಿಕೊಳ್ಳುತ್ತಿದ್ದಳು. "ದಿನಾ ಮರಗಟ್ಟಿರೋ ಕೈನ ಕಂಕುಳಲ್ಲಿ ಅವುಚ್ಕೊಂಡು ಒಳಗೆ ಬರ್ತಾಳೆ. ನೀನು ನೋಡಿಲ್ಲ. ನಾನು ನೋಡಿದೀನಿ. ಹಿಡ್ಕೊಂಡು ಬೆಚ್ಚಗೆ ಮಾಡೋಣ ಅನ್ನಿಸ್ತಿತ್ತು. ನನ್ನ ಹಾಳು ಬಾಯಿ, ಬಾಗ್ಲು ಹಾಕೇ ಅಂತ ಬೈದುಬಿಡ್ತಿತ್ತು. ಅವಳಿಲ್ದೆ ನಾನೆಲ್ಲಿಗೂ ಬರಲ್ಲ. ನಿಲ್ಸೋ."

ಸೊಸೆಯ ಕಣ್ಣಿಂದ ನೀರಿಳಿಯಿತು. ಇಷ್ಟು ವರ್ಷ ಈ ಮಾತಿಗೆ ಕಾದಿದ್ದಳು. ಈಗ ಬಂದಿದೆ, ಹಿಂದಕ್ಕೆ, ಹಿಮದಲ್ಲಿ ಬಿದ್ದವಳ ಕಡೆಗೆ.

"ಬರ್ತಾಳಮ್ಮ," ಅಂದಳು ದನಿ ದಪ್ಪ ಮಾಡಿ. ಅತ್ತೆಯನ್ನು ಅವಳು ಅಮ್ಮ ಅಂದದ್ದು ಅದೇ ಮೊದಲು. "ಹಿಂದೇನೇ ಬರ್ತಾಳೆ. ನೀನು ಉಸಿರಾಡು."

ರಸ್ತೆ ಸಿಕ್ಕಿತು. ಆಂಬುಲೆನ್ಸಿನವರು ಮುದುಕಿಯನ್ನು ಸ್ಟ್ರೆಚರಿಗೆ ಹಾಕಿ ಮುಖಕ್ಕೆ ಆಕ್ಸಿಜನ್ ಇಟ್ಟರು. ಸ್ವಲ್ಪ ಹೊತ್ತಿಗೆ ತುಟಿಯ ನೀಲಿ ಇಳಿಯಿತು. "ಸರಿಯಾದ ಹೊತ್ತಿಗೆ ತಂದ್ರಿ ಅಕ್ಕಾ, ಇನ್ನೇನು ಭಯ ಇಲ್ಲ," ಅಂದಳು ನರ್ಸು. ಸೊಸೆ ಟೊಪ್ಪಿ ಕಿತ್ತೆಸೆದು, ಅತ್ತೆಯ ಮುಖದ ಮೇಲೆ ಬಾಗಿ, ಕೈ ಹಿಡಿದುಕೊಂಡಳು.

"ಅತ್ತೆ, ನಾನೇ. ಇಲ್ಲೇ ಇದೀನಿ ನೋಡಿ."

ಅತ್ತೆ ಕಣ್ಣು ಬಿಟ್ಟಳು. ಮಂಪರಿಲ್ಲದ ನೋಟ, ಕಾಳಿನಲ್ಲಿ ಕಲ್ಲು ಹುಡುಕುವಾಗಿನ ಅದೇ ಹಳೆಯ ನೋಟ. ಹಣೆಯಿಂದ ಗಲ್ಲದ ತನಕ ನಿಧಾನವಾಗಿ ನೋಡಿದಳು. ಆಮೇಲೆ ಕೈ ಬಿಡಿಸಿಕೊಂಡು ಮಾಸ್ಕು ಸರಿಸಿದಳು.

"ನೀನಲ್ಲ," ಅಂದಳು.

ನರ್ಸು ಮಾಸ್ಕನ್ನು ಮತ್ತೆ ಕೂರಿಸಿ, ಹೀಗೆಲ್ಲ ಆಗುತ್ತೆ, ಮನಸ್ಸಿಗೆ ಹಚ್ಕೋಬೇಡಿ ಅಂದಳು. ಡ್ರೈವರು ಹಿಂದಿನ ಬಾಗಿಲಿಗೆ ಕೈ ಹಾಕಿ ನಿಂತಿದ್ದ.

"ಇನ್ಯಾರಾದ್ರೂ ಬರೋರು ಇದಾರಾ ಅಕ್ಕಾ?"

ಅವಳು ಆಗ ಮೊದಲ ಬಾರಿಗೆ ತಿರುಗಿ ಗುಡ್ಡದ ಕಡೆ ನೋಡಿದಳು. ಹೊಸದಾಗಿ ಬಿಡಿಸಿದ ದಾರಿ ಮನೆಯ ತನಕ ಬರಿದಾಗಿ ಬಿದ್ದಿತ್ತು. ಅಷ್ಟು ದೂರದಿಂದ ಶೆಡ್ಡಿನ ಮುಂದಿನ ನೆಲ ಕಾಣುವ ಹಾಗಿರಲಿಲ್ಲ. ಹೋಗಿ ನೋಡಿ ಬಂದುಬಿಡಲೇ ಅನ್ನಿಸಿತು, ಆ ಮರಗಟ್ಟಿದ ಕೈಯನ್ನು ಯಾರಾದರೂ ಹಿಡಿಯಬೇಕಲ್ಲ ಅನ್ನಿಸಿತು.

"ಯಾರೂ ಇಲ್ಲ, ಹೊರಡಿ," ಅಂದಳು, ಮತ್ತು ಒಂದೇ ಬೆಳಿಗ್ಗೆ ಎರಡನೆಯ ಸಲ ಆ ಬಿದ್ದವಳನ್ನು ಬಿಟ್ಟು ಹೋದಳು.