ನೆರಳಿಗೆ ತಂದ ಕಲ್ಲು

ಬೇವಿನ ಗಿಡದ ಬುಡದಲ್ಲಿದ್ದ ದೇವರ ಕಲ್ಲನ್ನು ಸುಜಾತಾ ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಅಳತೆಗೆ ಬಂದವರಿಗೆ ಕಲ್ಲಿನ ಮೇಲಿನ ಗುರುತು ನೋಡಬೇಕಿತ್ತು. ಸುಣ್ಣ, ಎಣ್ಣೆ, ಕುಂಕುಮ ಪದರು ಪದರಾಗಿ ಕಳಚಿದ ಮೇಲೆ ನೆತ್ತಿಯಲ್ಲಿ ಕೊರೆದ ತ್ರಿಕೋನವೊಂದು ಕಂಡಿತು.

"ಇದ ನೋಡವಾ, ಸರ್ವೇ ಕಲ್ಲ," ಎಂದರು ಅಳತೆಗೆ ಬಂದಿದ್ದ ಮೈನೋದ್ದೀನ ಸಾಹೇಬರು. ಕಲ್ಲೋಳಿ ಕಡೆಯ ಆ ಎರೆಹೊಲಗಳ ಹಳೆಯ ಅಳತೆಯೆಲ್ಲ ಈ ಕಲ್ಲಿನಿಂದಲೇ ಶುರುವಾಗಿತ್ತು. ಅವರೂ ಅಲ್ಲಿಂದಲೇ ಅಳೆದರು. ಸುಜಾತಾಳ ಮನೆಯವರ ಬಾವಿ ಬಾಜೂ ಹೊಲದ ಮುತ್ತಪ್ಪನ ಪಾಲಿಗೆ ಹೋಯಿತು.

"ಯಮನವ್ವಕ್ಕಾ, ಇನ್ನ ಮ್ಯಾಲ ನಮ್ಮ ಬಾವಿಗೆ ಬರೂಮುಂದ ಕೇಳಿ ಬರ್ರಿ," ಎಂದು ಮುತ್ತಪ್ಪ ನಕ್ಕ.

"ತೋಡೂಮುಂದ ಎಲ್ಲಿ ಮಲಗಿದ್ದ್ಯೋ ಮಾರಾಯಾ?" ಸುಜಾತಾಳ ಅತ್ತೆ ಯಮನವ್ವ ಬಿಡಲಿಲ್ಲ.

ಸಾಹೇಬರು ಮಾತ್ರ ನಗದೆ, ನೂರು ವರ್ಷದ ಹಿಂದಿನ ನಕಾಶೆಯ ಮೇಲೆ ಬೆರಳಿಟ್ಟರು. "ಇದರಾಗ ಕಲ್ಲ ದಿಬ್ಬದ ಮ್ಯಾಲ ಐತಿ. ಇಲ್ಲಿ ತಗ್ಗಿನಾಗ ಕುಂತೈತಿ. ಕಲ್ಲಿಗೇನ ಕಾಲ ಬಂದಾವು?"

ಸುಜಾತಾ ಬಗ್ಗಿ ನೋಡಿದಳು. ದಿಬ್ಬದ ಗೆರೆಗಳು ಒಂದರೊಳಗೊಂದು ಬಳೆಗಳಂತಿದ್ದವು. ನಡುವಿನ ಬಳೆಯೊಳಗೆ ತ್ರಿಕೋನ. ಗಂಡಸರ ಮುಂದೆ ಮಾತಾಡದವಳು ಇಂದು ತಲೆ ಎತ್ತಿದಳು.

"ಕಾಲ ಅಲ್ರಿ, ಎತ್ತಿನ ಗಾಡಿ ಬಂದಿತ್ತು. ಅತ್ತಿಯವರ ಅತ್ತಿ ದೇವರಿಗೆ ಬಿಸಲ ಹತ್ತತೈತಿ ಅಂತ ದಿಬ್ಬದಿಂದ ನೆರಳಿಗೆ ತರಿಸಿದ್ರಂತ. ಸೀಗಿ ಹುಣ್ಣಿಮಿಗೆ ಹೊಲದಾಗ ಚರಗದ ಎಡಿ ಚೆಲ್ಲಾಕ ಬಂದಾಗೆಲ್ಲ ನಮ್ಮತ್ತಿ ಹೇಳತಾರ."

"ಖರೆ ಐತ್ರಿ. ಬ್ಯಾಸಗಿಯಾಗ ಎಣ್ಣಿ ಹಚ್ಚಾಕ ಹೋದ್ರ ಕೈ ಸುಡತಿತ್ತಂತ," ಎಂದಳು ಯಮನವ್ವ, ಹೆಮ್ಮೆಯಿಂದಲೇ.

"ಹಂಗಾದ್ರ ಮೂಲ ಜಾಗಾದಾಗ ಭೂಮ್ಯಾಗ ಇನ್ನೊಂದ ಗುರತ ಇರಬೇಕ. ಮ್ಯಾಲಿನ ಕಲ್ಲ ಸರದ್ರೂ ಗೊತ್ತಾಗಲಿ ಅಂತ ಹುಗದಿರತಾರ," ಎಂದರು ಸಾಹೇಬರು.

ಸುಜಾತಾ ತಾನೇ ಗುದ್ದಲಿ ಹಿಡಿದು ದಿಬ್ಬ ಹತ್ತಿದಳು. ನಕಾಶೆ ನೋಡಿ ಸಾಹೇಬರು ತೋರಿಸಿದಲ್ಲಿ ಮೊಣಕಾಲುದ್ದ ಅಗೆದಾಗ ಅಂಥದೇ ತ್ರಿಕೋನದ ಚಪ್ಪಟೆ ಕಲ್ಲು ಸಿಕ್ಕಿತು. ಅಲ್ಲಿಂದ ಅಳೆದರೆ ಬಾವಿ ಕಟ್ಟೆ ಸಮೇತ ಯಮನವ್ವನ ಹೊಲದಲ್ಲೇ ಉಳಿಯಿತು.

"ಹೋಗ್ಲಿ ಬಿಡ್ರಿ, ಕುಡಿಯಾಕರ ನೀರ ಕೊಡ್ರಿ," ಎಂದ ಮುತ್ತಪ್ಪ.

"ಮೊದಲ ಆ ಕಲ್ಲ ತಿರುಗಿ ಇಲ್ಲಿ ನಿಲ್ಲಬೇಕ. ನಿಂತ ಮ್ಯಾಲನ ನಾ ಹೊಸ ನಕಾಶೆಯಾಗ ಗಡಿ ಹಾಕೂದು," ಎಂದರು ಸಾಹೇಬರು. "ನೀವು ಅದನ್ನ ದೇವರು ಅಂತ ಪೂಜಿ ಮಾಡಕೋತ ಬಂದೀರಿ, ನಾ ಮುಟ್ಟೂದಿಲ್ಲ. ನೀವ ಎತ್ರಿ."

ಎಲ್ಲರೂ ಬೇವಿನ ಬುಡಕ್ಕೆ ಇಳಿದು ಬಂದರು. ಗಂಡಸರು ಚಪ್ಪಲಿ ಕಳಚಿ ಕೈ ಮುಗಿದರೇ ಹೊರತು ಮುಂದೆ ಬರಲಿಲ್ಲ. ನೆಲೆಗೊಂಡ ದೇವರನ್ನು ಕಿತ್ತವರ ಮನೆ ಏನಾದೀತು? ಸುಜಾತಾ ಸೆರಗು ಸಿಕ್ಕಿಸಿ, ಕಲ್ಲಿನಡಿ ಹಾರೆ ತೂರಿಸಿ, ಯಮನವ್ವನ ಕಡೆ ತಿರುಗಿದಳು.

"ಅತ್ತಿ, ಆ ಬಾಜೂದಿಂದ ಒಂದ ಕೈ ಹಚ್ಚರಿ."

"ಬಿಸಲ ಹತ್ತಿದ್ರ ಸಿಟ್ಟಾಗಬ್ಯಾಡ ದೇವರ," ಎನ್ನುತ್ತ ಯಮನವ್ವ ಕಲ್ಲಿಗೆ ಕೈ ಮುಗಿದು, ಆ ಬಾಜೂದಿಂದ ಕೈ ಹಚ್ಚಿದಳು.