ಎರಡೆಲೆಯ ಬದನೆ ಸಸಿ

"ಇವಕ್ಕೆ ಇವತ್ತು ನೀರು ಹಾಕಿದ್ರಾ?"

ಚಿಕ್ಕಬೈರಪ್ಪ ಕೇಳಿದ್ದು ಯಾರನ್ನೂ ಅಲ್ಲ. ಅಂಗಳದಲ್ಲಿ ಹೆಂಗಸರು ಅವನ ಹೆಂಡತಿ ಮುನಿವೆಂಕಟಮ್ಮನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಅವನು ಅಡಿಗೆಮನೆಯಲ್ಲಿ, ಆರಿದ ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಡಕು ಮಡಕೆಗಳ ಮಣ್ಣು ಮುಟ್ಟಿ ನೋಡುತ್ತಿದ್ದ. ಬದನೆ ಬೀಜ ಮೊಳೆತು ಎರಡೆರಡು ಎಲೆ ಬಿಟ್ಟಿತ್ತು.

ಅಣ್ಣ ತಿಮ್ಮರಾಯಪ್ಪ ಬಾಗಿಲಲ್ಲಿ ಬಂದು ನಿಂತ. "ಏಳೋ, ಮಣ್ಣಿಗೆ ಹೊತ್ತಾಯ್ತು. ಐನೋರು ಪಂಚಾಂಗ ನೋಡಿದ್ರು. ಧನಿಷ್ಠಾ ನಕ್ಷತ್ರದಾಗೆ ಹೋಗವ್ಳೆ. ಆರು ತಿಂಗ್ಳು ಮನೆ ಬಿಡ್ಬೇಕು, ಒಳಗಿದ್ದೋರ್ಗೆ ಕೇಡು. ಮಣ್ಣು ಮಾಡಿ ಬಂದು ದೀಪ ನೋಡಿದ್ ಮ್ಯಾಲೆ ಬಾಗ್ಲಿಗೆ ಮುಳ್ಳು ಹಾಕೋದೇ."

"ಇವು?"

"ಯಾವು?"

ಚಿಕ್ಕಬೈರಪ್ಪ ಮಡಕೆಗಳನ್ನು ತೋರಿಸಿದ.

"ಅಯ್ಯೋ ನಿನ್ನ! ಈ ಮನೆ ಮಣ್ಣು ಹೊಸ್ಲು ದಾಟಂಗಿಲ್ಲ. ದಾಟಿದ್ರೆ ಹೋದ ಮನೇಲೂ ಒಂದು ಹೆಣ ಬೀಳ್ತದೆ ಅಂತಾರೆ. ಒಣಗ್ಲಿ ಬಿಡು."

*

ಬೈರಸಂದ್ರದ ಸುತ್ತಲ ಹೊಲಗಳಲ್ಲಿ ಜಯನಗರದ ಮನೆಗಳು ಎದ್ದ ಮೇಲೆ, ವರ್ಷವರ್ಷವೂ ಸಂಕ್ರಾಂತಿ ಕಳೆದ ಹೊತ್ತಿಗೆ ಮುನಿವೆಂಕಟಮ್ಮ ಬುಟ್ಟಿಯಲ್ಲಿ ಸಸಿ ಹೊತ್ತು ಆ ಮನೆಗಳ ಹಿತ್ತಿಲಿಗೆ ಹೋಗುತ್ತಿದ್ದಳು. ಕಾಸು ಕೊಟ್ಟರೆ ಬೇಡ.

"ಒಂದು ಕಾಯಿ ಮಾತ್ರ ಗಿಡದಾಗೇ ಹಣ್ಣಾಗಕ್ಕೆ ಬಿಡ್ರವ್ವ. ಅದ್ರ ಬೀಜ ನಂಗ್ ಕೊಡಿ."

ಹತ್ತು ಮನೆಯ ಬೀಜ ಕಾಗದದ ಪೊಟ್ಟಣಗಳಲ್ಲಿ ಅವಳಿಗೇ ಮರಳುತ್ತಿತ್ತು. ಚಳಿಗೆ ಹೊರಗೆ ಮೊಳೆಯದು, ಮೊಳೆತದ್ದನ್ನು ಕೋಳಿ ಬಿಡದು. ಹಾಗಾಗಿ ಒಲೆಯ ಬೆಚ್ಚಗಿನ ಮೂಲೆ. ಗುಡಿಯಲ್ಲಿ ಕಾವ್ಯ ಓದುವುದನ್ನು ಕೇಳಿ ಬಂದ ಮರುದಿನ ಅವಳಿಗೆ ಮಾತು ಮರೆತು ರಾಗವಷ್ಟೇ ಉಳಿದಿರುತ್ತಿತ್ತು. ಅದನ್ನೇ ಗುನುಗುತ್ತ ಬೇವಿನ ಎಸಳು ಅದ್ದಿ ನೀರು ಚಿಮುಕಿಸುವಳು.

"ಮನ್ಸರಿಗೆ ಕಾಲು ಚಾಚಕ್ಕೆ ಜಾಗ ಇಲ್ಲ, ಬದ್ನೆಕಾಯಿಗೆ ಬಾಣಂತನ!" ಚಿಕ್ಕಬೈರಪ್ಪ ಗೊಣಗುವನು.

"ನಿಂದು ಮೂವತ್ತು ವರ್ಷದಿಂದ ಮಾಡ್ತಾ ಇಲ್ವಾ? ಸುಮ್ಕೆ ಕುಂತ್ಕೊ."

ಅವನು ಸುಮ್ಮನೆ ಕೂರುತ್ತಿದ್ದ. ಒಂದು ದಿನವೂ ನೀರು ಹಾಕಿದವನಲ್ಲ.

*

ಮಣ್ಣು ಮಾಡಿ ಬಂದವರು ದೀಪ ನೋಡಿ ಒಬ್ಬೊಬ್ಬರೇ ಹೊರಟರು. ಜಯನಗರ ನಾಲ್ಕನೇ ಬ್ಲಾಕಿನ ಸೀತಾಲಕ್ಷ್ಮಿ ಬೀದಿಯಂಚಿನಲ್ಲೇ ನಿಂತಿದ್ದರು.

"ಹೋದ ತಿಂಗಳು ಬೀಜ ಕೊಟ್ಟಾಗ ಚೆನ್ನಾಗೇ ಇದ್ರಲ್ಲಪ್ಪ. ಹಳೇ ಗಿಡ ಕಿತ್ತು ಪಾತಿ ಹದ ಮಾಡಿಡಿ, ಸಸಿ ತರ್ತೀನಿ ಅಂದಿದ್ರು."

"ಅವ್ವಾ, ಒಂದೆರಡು ಬೀಜ ಆದ್ರೂ ನಿಮ್ತಾವ ಉಳಿದದಾ?"

"ಇಲ್ಲ. ನಾವೆಲ್ಲಾ ಅವರಿಗೇ ಕೊಟ್ಟುಬಿಡ್ತಿದ್ವಿ. ಅವರಿದಾರಲ್ಲ ಅಂತ."

ಹಾಗಾದರೆ ಒಲೆಯ ಪಕ್ಕ ಇರುವಷ್ಟೇ. ಚಿಕ್ಕಬೈರಪ್ಪ ಒಳಗಿನ ಮಡಕೆಗಳ ಕಡೆ ಕೈ ತೋರಿಸಿದ.

"ನೀವು ತಗೊಂಡೋಗ್ತೀರಾ ಅವ್ವಾ?"

ಆಕೆ ಕೈ ಮುಂದೆ ಮಾಡಿದರು, ಹಿಂದಕ್ಕೆಳೆದುಕೊಂಡರು. "ನಮ್ಮತ್ತೆಗೆ ನಕ್ಷತ್ರದ ಸುದ್ದಿ ಮುಟ್ಟಿದೆಯಪ್ಪ. ಸಸಿ ಇರಲಿ, ನನ್ನೇ ಒಳಗೆ ಸೇರಿಸೋಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದರು.

ತಿಮ್ಮರಾಯಪ್ಪ ಜಾಲಿಮುಳ್ಳಿನ ಕೊಂಬೆ ಎಳೆದು ತಂದ. ಬಿಳೇಕಹಳ್ಳಿಗೆ ಕೊಟ್ಟಿದ್ದ ಮಗಳು ಮಂಗಮ್ಮ ಅಪ್ಪನ ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ಕಾದಿದ್ದಳು.

"ಎಲ್ಲವ್ವ ನಿಮ್ಮಪ್ಪ?"

"ದೊಡ್ಡಪ್ಪಾ, ಒಳಗೋದ."

ಮಂಗಮ್ಮ ಹೊಸ್ತಿಲಾಚೆಯಿಂದಲೇ ಬಗ್ಗಿ ನೋಡಿದಳು. ಅಪ್ಪ ಮಡಕೆಗಳ ಮುಂದೆ ಕೂತಿದ್ದ. ನೀರು ಹಾಕಲು ಬಾರದೆ ಚೊಂಬಿನಿಂದಲೇ ಸುರಿದುಬಿಟ್ಟಿದ್ದ. ಒಂದು ಮಡಕೆಯ ಸಸಿಗಳೆಲ್ಲ ಕೆಸರಿಗೆ ಒರಗಿದ್ದವು.

"ಅಪ್ಪಯ್ಯ, ಹೊತ್ತು ಮುಳುಗ್ತದೆ, ಬಾ."

ಅವನು ಚೊಂಬನ್ನು ಪಕ್ಕಕ್ಕಿಟ್ಟ.

"ಅವ್ವ ಹೋದ್ಳು. ನಿಂಗೂ ಏನಾರಾ ಆದ್ರೆ ನಾನು ಯಾರ ಮಕ ನೋಡ್ಲಿ? ನಿನ್ ಕಾಲಿಗ್ ಬೀಳ್ತೀನಿ, ಎದ್ದು ಬಾ."

ಚಿಕ್ಕಬೈರಪ್ಪ ಒರಗಿದ ಒಂದು ಸಸಿಯ ಕೆಳಗೆ ಕಿರುಬೆರಳು ತೂರಿಸಿ ಮೆಲ್ಲಗೆ ಎತ್ತಿದ. ಬೆರಳು ತೆಗೆದರೆ ಬೀಳುತ್ತಿತ್ತು. ಹಾಗೇ ಹಿಡಿದುಕೊಂಡು ಕೂತ.

"ಬರಾಕಿಲ್ಲ ಕಣವ್ವ."