ಕೊನೆಯ ಬಸ್ಸಿಗೆ ಮುಕ್ಕಾಲು ಹೊಟ್ಟೆ

"ಕತ್ತೆಗೂ ತನ್ನ ಹೊಟ್ಟೆ ತುಂಬಿದ್ಯೋ ಇಲ್ವೋ ಗೊತ್ತಾಗುತ್ತೆ ಕಣೋ. ನಿಂಗೆ ಅಷ್ಟೂ ಗೊತ್ತಾಗ್ಲಿಲ್ವಾ?"

ಡಿಪೋ ಮ್ಯಾನೇಜರ್ ಹೀಗಂದದ್ದು ಎಲ್ಲ ಡ್ರೈವರುಗಳೆದುರು, ಪಂಪಿನ ಪಕ್ಕದಲ್ಲೇ. ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ಮುಂಗೋಪಕ್ಕೆ ಡಿಪೋದಲ್ಲಿ ಮೆಣಸಿನಕಾಯಿ ಎಂದೇ ಹೆಸರಾದ ಡ್ರೈವರ್ ಹಲ್ಲು ಕಚ್ಚಿ ನಿಂತ. ನಿನ್ನೆ ಸೇತುವೆ ಮುಚ್ಚಿದ್ದರಿಂದ ಬಳಸುದಾರಿ ಹಿಡಿದ ಅವನ ಹೈಡ್ರೋಜನ್ ಬಸ್ಸು ಏರಿನ ನಡುವೆಯೇ ಗ್ಯಾಸು ಮುಗಿದು ನಿಂತಿತ್ತು. ಬಸುರಿ ಹೆಂಗಸೊಬ್ಬಳೂ ಇಳಿದು ಏದುಸಿರು ಬಿಡುತ್ತ ನಡೆದಿದ್ದಳು.

ಕಾರಣ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಉಗುಳಿದರೆ ಅಪ್ಪನ ಕೆಲಸಕ್ಕೇ ಕುತ್ತು.

ಗ್ಯಾಸು ತುಂಬಿಸುವವನು ಅವನ ಅಪ್ಪ. ಕಣ್ಣು ಮಂಜಾದ ಮೇಲೆ ಸ್ಟೀರಿಂಗ್ ಬಿಡಿಸಿ ಇಲ್ಲಿ ನಿಲ್ಲಿಸಿದ್ದರು. ಇಡೀ ಊರಿಗೆ ಇದೊಂದೇ ಪಂಪು. ಇನ್ನೊಂದು ಹಾಕಿ ಅಂದರೆ, 'ಬಸ್ಸು ಹೆಚ್ಚಾಗಲಿ, ಈಗಲೇ ಹಾಕಿದರೆ ನಷ್ಟ' ಅನ್ನುತ್ತಾರೆ ಮೇಲಿನವರು. ಬಸ್ಸು ತನ್ನಿ ಅಂದರೆ, 'ಪಂಪೆಲ್ಲಿದೆ?' ಅನ್ನುತ್ತಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು! ಇರುವ ಬಸ್ಸುಗಳೆಲ್ಲ ಸಂಜೆ ಒಟ್ಟಿಗೇ ಬಂದು ಸಾಲುಗಟ್ಟುತ್ತವೆ. ತುಂಬಿಸುತ್ತ ಹೋದಂತೆ ಪಂಪಿನ ಒತ್ತಡ ಇಳಿದು, ಕೊನೆಯದಕ್ಕೆ ಮುಕ್ಕಾಲು ಹೊಟ್ಟೆಯೇ ಗತಿ. ಯೋಜನೆ ಬರೆದ ಮಹಾಶಯರು ಎಂದಾದರೂ ಸಾಲಿನ ಕೊನೆಯಲ್ಲಿ ನಿಂತಿದ್ದರೆ ತಾನೆ!

ಆ ಕೊನೆಯ ಜಾಗ ಸರದಿಯಂತೆ ಬದಲಾಗಬೇಕು ಅನ್ನುವುದು ಡಿಪೋದ ನಿಯಮ. ಅಪ್ಪ ಮಾತ್ರ ದಿನವೂ ಮಗನನ್ನೇ ಕೊನೆಗೆ ನಿಲ್ಲಿಸುತ್ತಿದ್ದ. "ಮಗನಿಗೆ ಮೊದ್ಲು ಬಡಿಸ್ದ ಅನ್ನೋ ಮಾತು ನಂಗೆ ಬೇಡಪ್ಪ. ನಿಂದು ಹತ್ತಿರದ ರೂಟು, ಸಾಕಾಗುತ್ತೆ."

ಮೊದಮೊದಲು ಮಗ ಉರಿದುಬಿದ್ದಿದ್ದ. ಆಮೇಲೆ ಸುಮ್ಮನಾದ. ಕೊನೆಯ ಬಸ್ಸು ತುಂಬುವುದು ಬಲು ನಿಧಾನ. ಅಷ್ಟು ಹೊತ್ತೂ ಅಪ್ಪ ಅದರ ಮುಂಗಾಜನ್ನು ಕೂಸಿನ ಮುಖ ಒರೆಸಿದಂತೆ ಒರೆಸುವನು. "ಉಂಡ್ಯೇನೋ? ಬ್ರೇಕು ಹೇಗಿದೆ? ನಿಮ್ಮಮ್ಮನ ಹತ್ರ ಜಗಳ ಆಡ್ಬೇಡ." ಮನೆಯಲ್ಲಿ ತುಟಿ ಬಿಚ್ಚದ ಮನುಷ್ಯ, ಇಲ್ಲಿ ಮಾತಿನ ಮಲ್ಲ. ಆ ಮಾತಿಗಾಗಿಯೇ ಮಗ ಮುಕ್ಕಾಲು ಹೊಟ್ಟೆಯಲ್ಲಿ ಬಸ್ಸು ಓಡಿಸಿದ್ದ.

"ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ?" ಮ್ಯಾನೇಜರ್ ಗದರಿದ.

ಅಪ್ಪ ಕೈಗವಸು ಕಳಚುತ್ತ ಮುಂದೆ ಬಂದ. "ಸಾರ್, ಅವನ ತಪ್ಪಲ್ಲ. ನಾನೇ ದಿನಾ..."

"ಅಪ್ಪಾ, ನೀನು ಸುಮ್ನಿರು!" ಮಗ ತಡೆದ. "ಗ್ಯಾಸಿನ ಮುಳ್ಳು ನೋಡ್ದೆ ಹೊರಟಿದ್ದು ನಾನು ಸಾರ್."

"ಮಗನ ತಪ್ಪು ಮುಚ್ಚೋಕೆ ಬರ್ಬೇಡಿ ಯಜಮಾನ್ರೇ," ಅಂದ ಮ್ಯಾನೇಜರ್, ಮಗನತ್ತ ತಿರುಗಿ, "ಒಂದು ವಾರ ನೀನು ಸ್ಟೀರಿಂಗ್ ಮುಟ್ಬೇಡ. ಕೊಡು ಬೀಗದಕೈ."

ವಿಷಯ ಗೊತ್ತಿದ್ದ ಡ್ರೈವರುಗಳು ನೆಲ ನೋಡಿದರು. ಈಗ ಯಾರೂ ನಗಲಿಲ್ಲ.

ಮಗ ಬೀಗದಕೈ ಕೊಟ್ಟ. ಅಪ್ಪನ ಕೈಯಿಂದ ಜಾರಿದ ಕೈಗವಸನ್ನು ಎತ್ತಿ, ಧೂಳು ಕೊಡವಿ, ಒಂದೊಂದೇ ಬೆರಳಿಗೆ ತೊಡಿಸಿದ. "ಇನ್ಮೇಲೆ ಸರದಿ ಪ್ರಕಾರ ತುಂಬು," ಅಂದ, ಅಪ್ಪನಿಗಷ್ಟೇ ಕೇಳುವಂತೆ.

ಅಪ್ಪನ ಮಂಜುಗಣ್ಣು ತುಂಬಿತ್ತು. "ಎಲ್ಲರ ಮುಂದೆ ಕತ್ತೆ ಅನ್ನಿಸ್ಕೊಂಡ್ಯಲ್ಲೋ ಕಂದಾ. ಯಾಕೋ?"

ಮಗ ಅವನ ಕೈಯನ್ನೊಮ್ಮೆ ಅಮುಕಿದ. ಆಮೇಲೆ ತಲೆ ತಗ್ಗಿಸದೆ, ಸಾಲುಗಟ್ಟಿ ನಿಂತ ಬಸ್ಸುಗಳ ಪಕ್ಕದಲ್ಲೇ ಗೇಟಿನ ಕಡೆ ನಡೆದುಬಿಟ್ಟ.